ಮತ್ತೆ ಬಾರಿಸಿದ ಶಾಲೆಯ ಗಂಟೆ



ಎಲ್ಲೋ ಒಂದು ಊರನ್ನು ನೆರೆಯೋ ಭೂಕಂಪವೋ ಅಪ್ಪಳಿಸಿತೆಂಬ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಅಕ್ಕಿ, ಬೇಳೆ, ಹೊದಿಕೆ, ಔಷಧಗಳು ಒಟ್ಟಾಗುತ್ತವೆ. ಲಾರಿಯೊಂದು ಹೊರಡುತ್ತದೆ. ಇದೆಲ್ಲವೂ ಆಗಬೇಕಾದದ್ದೇ. ಹಸಿದವನಿಗೆ ಮೊದಲು ಅನ್ನ, ಆಮೇಲೆ ಉಳಿದದ್ದು. ಆದರೆ ಆ ಉಳಿದದ್ದರ ಸಾಲಿನಲ್ಲಿ ಶಾಲೆಯ ಸ್ಥಾನ ಯಾವುದು? ಮನೆ ಕಟ್ಟಿ, ರಸ್ತೆ ಹಾಕಿ, ವಿದ್ಯುತ್ ಬಂದ ಮೇಲೆ ನಿಧಾನವಾಗಿ ತೆರೆಯಬಹುದಾದ ಸಂಸ್ಥೆಯೇ ಅದು? ಅಥವಾ ಅನ್ನದ ಜೊತೆಜೊತೆಗೇ ಸಲ್ಲಬೇಕಾದ ನೆರವೇ? ಕಳೆದ ನೂರು ವರ್ಷಗಳ ಚರಿತ್ರೆ ಈ ಪ್ರಶ್ನೆಗೆ ಕೊಡುವ ಉತ್ತರವನ್ನು ನಾವು ಸ್ವಲ್ಪ ತಾಳ್ಮೆಯಿಂದ ಕೇಳಿಸಿಕೊಳ್ಳಬೇಕಾಗಿದೆ.

ಬಹುಕಾಲ ಲೋಕದ ಪರಿಹಾರ ಸಂಸ್ಥೆಗಳೂ ಶಾಲೆಯನ್ನು ಕೊನೆಯ ಸಾಲಿನಲ್ಲೇ ಕೂರಿಸಿದ್ದವು. 1997ರಲ್ಲಿ ಅಂತರರಾಷ್ಟ್ರೀಯ ಸೇವಾಸಂಸ್ಥೆಗಳು ಒಟ್ಟುಗೂಡಿ 'ಸ್ಫಿಯರ್' ಎಂಬ ಯೋಜನೆಯನ್ನು ಆರಂಭಿಸಿದವು. ಸಂತ್ರಸ್ತರಿಗೆ ದೊರೆಯಲೇಬೇಕಾದ ಕನಿಷ್ಠ ನೆರವನ್ನು ನಿಗದಿಪಡಿಸುವುದು ಅದರ ಉದ್ದೇಶ. ನೀರು, ನೈರ್ಮಲ್ಯ, ಆಹಾರ, ಆಶ್ರಯ, ಆರೋಗ್ಯ ಇವು ಅದರ ಕೈಪಿಡಿಯ ಅಧ್ಯಾಯಗಳಾದವು. ಶಿಕ್ಷಣಕ್ಕೆ ಅಲ್ಲಿ ಅಧ್ಯಾಯವಿರಲಿಲ್ಲ. ಈ ಕೊರತೆಯನ್ನು ಮನಗಂಡ ಶಿಕ್ಷಣ ಕ್ಷೇತ್ರದ ಸಂಸ್ಥೆಗಳು ಪ್ರತ್ಯೇಕವಾಗಿ ಶ್ರಮಿಸಿ, ತುರ್ತುಸ್ಥಿತಿಯಲ್ಲಿ ಶಿಕ್ಷಣಕ್ಕೆ ಬೇಕಾದ ಕನಿಷ್ಠ ಮಾನದಂಡಗಳನ್ನು ರೂಪಿಸಿ 2004ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ಅದೇ ತಿಂಗಳ 26ರಂದು, ಕ್ರಿಸ್ತಜಯಂತಿಯ ಮರುದಿನ, ಹಿಂದೂ ಮಹಾಸಾಗರದಲ್ಲಿ ಸುನಾಮಿ ಎದ್ದಿತು. ಪುಸ್ತಕದ ಶಾಯಿ ಒಣಗುವ ಮೊದಲೇ ಪರೀಕ್ಷೆ ಎದುರಾಗಿತ್ತು.

ಗೋಡೆಗಳ ಪಾಠ

ಶಾಲೆಯನ್ನು ಮತ್ತೆ ತೆರೆಯುವ ಮಾತಿಗೆ ಮುನ್ನ ಇನ್ನೊಂದು ಕಠೋರ ಪ್ರಶ್ನೆಯಿದೆ. ಶಾಲೆ ಬಿದ್ದದ್ದೇಕೆ?

1933ರ ಮಾರ್ಚ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಂಗ್ ಬೀಚ್ ನಗರದಲ್ಲಿ ಭೂಮಿ ನಡುಗಿತು. ಸುಮಾರು 120 ಮಂದಿ ಸತ್ತರು. ಆ ಪ್ರದೇಶದ 70 ಶಾಲೆಗಳು ನೆಲಕಚ್ಚಿದವು. ಇನ್ನೂ 120 ಶಾಲೆಗಳಿಗೆ ಭಾರಿ ಹಾನಿಯಾಯಿತು. ಆದರೆ ಕಂಪನ ಸಂಭವಿಸಿದ್ದು ಸಂಜೆ ಆರು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದಾಗ. ಮಕ್ಕಳು ಮನೆಗೆ ಹೋಗಿಯಾಗಿತ್ತು. ಇದೇ ಕಂಪನ ನಾಲ್ಕಾರು ಗಂಟೆ ಮೊದಲು ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸಿದ ತಂದೆತಾಯಿಗಳು ನಡುಗಿದರು. ಉಕ್ಕಿನ ಬಲವಿಲ್ಲದ ಇಟ್ಟಿಗೆಯ ಗೋಡೆಗಳು ಮಕ್ಕಳ ತಲೆಯ ಮೇಲೆ ನಿಂತಿದ್ದ ಸತ್ಯ ಎಲ್ಲರಿಗೂ ಕಂಡಿತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು, ಫೀಲ್ಡ್ ಎಂಬ ಶಾಸಕರ ಹೆಸರಿನ ಕಾನೂನು ಜಾರಿಗೆ ಬಂದಿತು. ಸಾರ್ವಜನಿಕ ಶಾಲೆಯ ನಕ್ಷೆಯನ್ನು ರಾಜ್ಯದ ತಜ್ಞರು ಪರಿಶೀಲಿಸಬೇಕು, ಕಟ್ಟುವಾಗ ಸ್ಥಳದಲ್ಲೇ ಪರಿವೀಕ್ಷಕರಿರಬೇಕು ಎಂದು ಅದು ವಿಧಿಸಿತು. ಮಕ್ಕಳು ಗುಡಾರಗಳಲ್ಲಿ ಕುಳಿತು ಪಾಠ ಮುಂದುವರಿಸಿದರು; ಅತ್ತ ಗೋಡೆಗಳು ಹೊಸ ನಿಯಮದಂತೆ ಮೇಲೇಳತೊಡಗಿದವು.

ಗುಜರಾತಿನ ಭೂಕಂಪವೂ ಗಳಿಗೆಯ ಮಾತನ್ನೇ ಹೇಳುತ್ತದೆ. 2001ರ ಜನವರಿ 26, ಬೆಳಿಗ್ಗೆ 8 ಗಂಟೆ 46 ನಿಮಿಷ. ಗಣರಾಜ್ಯೋತ್ಸವದ ದಿನವಾದ್ದರಿಂದ ಅನೇಕ ಮಕ್ಕಳು ತರಗತಿಯ ಕೊಠಡಿಗಳಲ್ಲಿರದೆ ಧ್ವಜಾರೋಹಣಕ್ಕಾಗಿ ಬಯಲಲ್ಲಿದ್ದರು, ಬದುಕಿದರು. ಅಂಜಾರ್ ಪಟ್ಟಣದಲ್ಲಿ ಮಾತ್ರ ಪಥಸಂಚಲನ ಇಕ್ಕಟ್ಟಾದ ಬೀದಿಯಲ್ಲಿ ಸಾಗುತ್ತಿತ್ತು. ಎರಡೂ ಬದಿಯ ಕಟ್ಟಡಗಳು ಕುಸಿದು 185 ಮಕ್ಕಳೂ 20 ಶಿಕ್ಷಕರೂ ಮೃತರಾದರು. ಅವರ ನೆನಪಿಗಾಗಿ ಅಲ್ಲಿ ಕಟ್ಟಿದ ಸ್ಮಾರಕ 2022ರಲ್ಲಿ ಉದ್ಘಾಟನೆಗೊಂಡಿತು.

2005ರ ಅಕ್ಟೋಬರ್ 8ರಂದು ಗಳಿಗೆ ಕರುಣೆ ತೋರಲಿಲ್ಲ. ಗಡಿಯಾಚೆಯ ಕಾಶ್ಮೀರದಲ್ಲೂ ಉತ್ತರ ಪಾಕಿಸ್ತಾನದಲ್ಲೂ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಮಕ್ಕಳು ತರಗತಿಯಲ್ಲಿ ಕುಳಿತಿದ್ದ ಹೊತ್ತಿನಲ್ಲೇ ಭೂಮಿ ಕಂಪಿಸಿತು. ಸಾವಿರಾರು ಶಾಲೆಗಳು ಬಿದ್ದವು. ಮೃತಪಟ್ಟ 70,000ಕ್ಕೂ ಹೆಚ್ಚು ಜನರಲ್ಲಿ 17,000ಕ್ಕೂ ಹೆಚ್ಚು ಮಂದಿ ಶಾಲಾ ಮಕ್ಕಳು. ಲಾಂಗ್ ಬೀಚಿನ ತಂದೆತಾಯಿಗಳು ಊಹಿಸಿ ನಡುಗಿದ್ದನ್ನು ಇಲ್ಲಿನ ತಂದೆತಾಯಿಗಳು ಕಣ್ಣಾರೆ ಕಂಡರು. ಭೂಕಂಪ ಪ್ರಕೃತಿಯದು, ನಿಜ. ಕಳಪೆ ಗೋಡೆ ಮನುಷ್ಯನದು. ಇವೆರಡನ್ನೂ ಒಟ್ಟಿಗೆ ಸೇರಿಸಿ ದೈವೇಚ್ಛೆ ಎಂದು ಕೈ ತೊಳೆದುಕೊಳ್ಳುವುದು ಸತ್ತ ಮಕ್ಕಳಿಗೆ ನಾವು ಮಾಡುವ ಎರಡನೆಯ ಅನ್ಯಾಯ.

ಹಾಜರಿ ಪುಸ್ತಕದ ಪಾಠ

ಇನ್ನು ಸುನಾಮಿಯ ಕಡೆಗೆ ಬನ್ನಿ. ಆ ಭಾನುವಾರ ಮುಂಜಾನೆ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ಅನೇಕ ಕುಟುಂಬಗಳು ಹರಕೆ ಹೊತ್ತು ಹೋಗುವ ವೇಲಾಂಕಣಿಯ ಕಡಲತೀರದಲ್ಲಿ ಯಾತ್ರಿಕರೂ ಕೊಚ್ಚಿಹೋದರು. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ದತ್ತು ಪಡೆಯುತ್ತೇವೆಂದು ದೇಶವಿದೇಶಗಳಿಂದ ಕರೆಗಳು ಬಂದವು. ಆದರೆ ಆತುರದ ದತ್ತು ಕಳ್ಳಸಾಗಣೆಗೆ ಬಾಗಿಲಾಗಬಹುದೆಂದು ತಮಿಳುನಾಡು ಸರ್ಕಾರ ಅದನ್ನು ತಡೆಯಿತು. ನಾಗಪಟ್ಟಿಣಂ, ಕಡಲೂರು, ಕನ್ಯಾಕುಮಾರಿಗಳಲ್ಲಿ ಮಕ್ಕಳಿಗಾಗಿ ಆಶ್ರಮಗಳನ್ನು ತೆರೆಯಿತು. ಅನಾಥರಾದ ಮಕ್ಕಳ ಹೆಸರಿನಲ್ಲಿ ತಲಾ 5 ಲಕ್ಷ ರೂಪಾಯಿಗಳ ಠೇವಣಿ ಇಟ್ಟಿತು. ಮಕ್ಕಳು ತಮ್ಮ ಭಾಷೆಯ, ತಮ್ಮ ಕರಾವಳಿಯ ಶಾಲೆಗಳಲ್ಲೇ ಓದಿ ಬೆಳೆದರು.

ಇಂಡೋನೇಷ್ಯದ ಆಚೆ ಪ್ರಾಂತ್ಯದಲ್ಲಿ ಹಾನಿ ಇದಕ್ಕೂ ಮಿಗಿಲಾಗಿತ್ತು. ಶಾಲೆಗಳ ಜೊತೆಗೆ ಶಿಕ್ಷಕರೂ ನೂರುಗಟ್ಟಲೆ ಸತ್ತಿದ್ದರು. ಆದರೂ ಸುನಾಮಿ ಬಂದ ಒಂದು ತಿಂಗಳಿಗೆ, 2005ರ ಜನವರಿ 26ರಂದು, ಅಲ್ಲಿ ಶಾಲೆಗಳು ಮತ್ತೆ ಆರಂಭಗೊಂಡವು. ಎಷ್ಟೋ ಕಡೆ ಕಟ್ಟಡವಿರಲಿಲ್ಲ. ಗುಡಾರವೇ ತರಗತಿ, ಸ್ವಯಂಸೇವಕರೇ ಶಿಕ್ಷಕರು.

ಇಷ್ಟು ಅವಸರವೇಕೆ ಎಂದು ನೀವು ಕೇಳಬಹುದು. ಕಾರಣ ಸರಳವಾಗಿದೆ. ಶಿಕ್ಷಕಿ ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕರೆಯುವಾಗ ಯಾರಿದ್ದಾರೆ, ಯಾರಿಲ್ಲ, ಯಾವ ಮಗು ಬೇರೆ ಊರಿನ ಬಂಧುಗಳ ಮನೆ ಸೇರಿದೆ, ಯಾವ ಮಗುವನ್ನು ದುಡಿಮೆಗೆ ಹಚ್ಚಲಾಗಿದೆ ಎಂಬುದು ತಿಳಿಯುತ್ತದೆ. ಶಿಬಿರದಲ್ಲಿ ಮಗು ಗುಂಪಿನಲ್ಲಿ ಒಂದು ತಲೆ. ಶಾಲೆಯಲ್ಲಿ ಅದಕ್ಕೆ ಹೆಸರಿದೆ. ಬೆಳಿಗ್ಗೆ ಗಂಟೆ, ಮಧ್ಯಾಹ್ನ ಊಟ, ಸಂಜೆ ಆಟ ಎಂಬ ದಿನಚರಿ ಮರಳಿದಾಗ, ಲೋಕ ಪೂರ್ತಿ ಮುಳುಗಿಹೋಗಿಲ್ಲವೆಂಬ ನಂಬಿಕೆ ಮಗುವಿನಲ್ಲಿ ಮೆಲ್ಲಗೆ ಚಿಗುರುತ್ತದೆ. ಮಕ್ಕಳು ಸುರಕ್ಷಿತ ಜಾಗದಲ್ಲಿದ್ದಾರೆಂಬ ನೆಮ್ಮದಿಯಿಂದ ತಂದೆತಾಯಿಗಳೂ ಮನೆ ಕಟ್ಟುವ, ಕೂಲಿ ಹುಡುಕುವ ಕೆಲಸಕ್ಕೆ ಹೊರಡಬಹುದು.

ಗಂಟೆ ಬಾರಿಸಿದ ಮೇಲೆ

ಆದರೆ ಗಂಟೆ ಬಾರಿಸಿತು, ಮಕ್ಕಳು ಬಂದರು, ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. ನಾವು ಅತಿ ಹೆಚ್ಚು ಗಮನ ಕೊಡಬೇಕಾದ ಪಾಠ ಇಲ್ಲಿಯೇ ಇದೆ.

2005ರ ಭೂಕಂಪವಾದ ನಾಲ್ಕು ವರ್ಷಗಳ ತರುವಾಯ ತಾಹಿರ್ ಅಂದ್ರಾಬಿ, ಬೆಂಜಮಿನ್ ಡೇನಿಯಲ್ಸ್ ಹಾಗೂ ಜಿಷ್ಣು ದಾಸ್ ಎಂಬ ಅರ್ಥಶಾಸ್ತ್ರಜ್ಞರು ಪಾಕಿಸ್ತಾನದ ಆ ಹಳ್ಳಿಗಳ ಸ್ಥಿತಿಯನ್ನು ಅಧ್ಯಯನ ಮಾಡಿದರು. ಮನೆಗಳು ಮೊದಲಿಗಿಂತ ಭದ್ರವಾಗಿ ಎದ್ದಿದ್ದವು. ಕುಟುಂಬಗಳು ಆರ್ಥಿಕವಾಗಿ ಚೇತರಿಸಿಕೊಂಡಿದ್ದವು. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸುಗಮ. ಆದರೆ ಪರೀಕ್ಷೆ ಮಾಡಿದಾಗ, ಭೂಕಂಪದ ಬಿರುಕಿಗೆ ಸಮೀಪವಿದ್ದ ಊರುಗಳ ಮಕ್ಕಳು ದೂರದ ಊರುಗಳ ಮಕ್ಕಳಿಗಿಂತ ಸುಮಾರು ಒಂದೂವರೆಯಿಂದ ಎರಡು ವರ್ಷಗಳ ಕಲಿಕೆಯಷ್ಟು ಹಿಂದಿದ್ದರು. ಶಾಲೆಗಳು ಮುಚ್ಚಿದ್ದು ಸರಾಸರಿ 14 ವಾರ ಮಾತ್ರ. ಹಾಗಿದ್ದರೆ ಉಳಿದ ನಷ್ಟ ಎಲ್ಲಿಂದ ಬಂತು?

ಮೂರು ತಿಂಗಳ ಪಾಠ ತಪ್ಪಿಸಿಕೊಂಡ ಮಗು ಮರಳಿ ಬಂದಾಗ, ಶಿಕ್ಷಕರು ಪಠ್ಯಪುಸ್ತಕದಲ್ಲಿ ಅಂದಿಗೆ ಬರಬೇಕಾದ ಪುಟವನ್ನು ತೆರೆದು ಮುಂದೆ ಸಾಗಿದರೆನ್ನಿ. ಭಾಗಾಕಾರ ಕಲಿಯದ ಮಗುವಿನ ಮುಂದೆ ಭಿನ್ನರಾಶಿ ಬಂದಿತು. ಅರ್ಥವಾಗದ ಮಗು ಸುಮ್ಮನೆ ಕುಳಿತಿತು. ಪ್ರತಿವರ್ಷವೂ ಅಂತರ ಹಿಗ್ಗುತ್ತಾ ಹೋಯಿತು. ಉಳಿದ ನಷ್ಟಕ್ಕೆ ಆ ಸಂಶೋಧಕರು ಸೂಚಿಸುವ ವಿವರಣೆ ಈ ಬಗೆಯದು. ಅಂದರೆ ಶಾಲೆಯ ಬಾಗಿಲು ತೆರೆದರೆ ಸಾಲದು. ಮಗು ಎಲ್ಲಿ ನಿಂತಿತ್ತೋ ಅಲ್ಲಿಗೆ ಶಿಕ್ಷಕರು ಹಿಂದಿರುಗಿ, ಅಲ್ಲಿಂದ ಕೈಹಿಡಿದು ಕರೆತರಬೇಕು.

ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನು ಕಂಡಿತು. ಯಾವ ಮಕ್ಕಳ ತಾಯಿ ಪ್ರಾಥಮಿಕ ಶಿಕ್ಷಣವನ್ನಾದರೂ ಮುಗಿಸಿದ್ದಳೋ, ಆ ಮಕ್ಕಳಲ್ಲಿ ಈ ಕಲಿಕೆಯ ನಷ್ಟ ಕಾಣಲಿಲ್ಲ. ಐದನೆಯ ತರಗತಿ ಓದಿದ ತಾಯಿ ಮಗುವಿನ ಪಕ್ಕ ಕುಳಿತು ಅಕ್ಷರ ಓದಿಸಬಲ್ಲಳು, ಲೆಕ್ಕ ಕೇಳಬಲ್ಲಳು, ಶಾಲೆಗೆ ಹೋಗಿ ಶಿಕ್ಷಕರನ್ನು ವಿಚಾರಿಸಬಲ್ಲಳು. ಯೋಚಿಸಿ ನೋಡಿ: ದಶಕಗಳ ಹಿಂದೆ ಯಾವುದೋ ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳನ್ನು ಶಾಲೆಗೆ ಸೇರಿಸಿದ ಫಲ, ಆಕೆಯ ಮಗುವಿಗೆ ಆಪತ್ಕಾಲದಲ್ಲಿ ಆಸರೆಯಾಗಿ ಒದಗಿತು. ವಿಪತ್ತಿನ ಸಿದ್ಧತೆ ಎಂದರೆ ಹಗ್ಗ, ದೋಣಿ, ಬ್ಯಾಟರಿ ದೀಪ ಮಾತ್ರವಲ್ಲ.

ನೆರೆಯ ವಯನಾಡು

ನಮ್ಮ ಗಡಿಗೆ ಹೊಂದಿಕೊಂಡಿರುವ ವಯನಾಡಿನ ಮಾತನ್ನು ನೀವು ಮರೆತಿರಲಾರಿರಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲದ ಮೇಲೆ ಗುಡ್ಡ ಕುಸಿದು ಸುಮಾರು 300 ಮಂದಿ ಮೃತರಾದರು ಇಲ್ಲವೇ ಕಣ್ಮರೆಯಾದರು. ವೆಳ್ಳಾರ್‌ಮಲದ ಸರ್ಕಾರಿ ಶಾಲೆ ಕೆಸರು, ಬಂಡೆ, ಮರಗಳಿಂದ ತುಂಬಿಹೋಯಿತು. ಅಲ್ಲಿ ಓದುತ್ತಿದ್ದ ಹಲವು ಮಕ್ಕಳು ಮರಳಲಿಲ್ಲ.

ಸೆಪ್ಟೆಂಬರ್ 2ರಂದು, ಐದು ವಾರಗಳೂ ತುಂಬುವ ಮೊದಲೇ, ಆ ಶಾಲೆ ಮೇಪ್ಪಾಡಿಯಲ್ಲಿ ಮತ್ತೆ ಆರಂಭವಾಯಿತು. ಅಲ್ಲಿನ ಸರ್ಕಾರಿ ಶಾಲೆ ತನ್ನ ಆವರಣದಲ್ಲಿ ಅವರಿಗೆ ಜಾಗ ಕೊಟ್ಟಿತು. ಮುಂಡಕ್ಕೈನ ಚಿಕ್ಕ ಮಕ್ಕಳಿಗೆ ಪಂಚಾಯಿತಿಯ ಸಮುದಾಯ ಭವನ ಶಾಲೆಯಾಯಿತು. ಚದುರಿಹೋದ ಕುಟುಂಬಗಳ ಮಕ್ಕಳನ್ನು ಕರೆತರಲು ಬಸ್ಸುಗಳ ವ್ಯವಸ್ಥೆಯಾಯಿತು. ಕಳೆದುಹೋದ ಪ್ರಮಾಣಪತ್ರಗಳನ್ನು ಮತ್ತೆ ಕೊಡಲು ಶಿಬಿರಗಳು ನಡೆದವು. ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಹಂಚಿಬಿಡದೆ, ತಮ್ಮ ಗೆಳೆಯರೊಂದಿಗೆ, ತಮ್ಮನ್ನು ಬಲ್ಲ ಶಿಕ್ಷಕರೊಂದಿಗೆ ಒಟ್ಟಿಗೇ ಉಳಿಸಿಕೊಂಡದ್ದು ಇಲ್ಲಿನ ವಿವೇಕ. ಮುಂದಿನ ಜನವರಿಯಲ್ಲಿ ತಿರುವನಂತಪುರದ ರಾಜ್ಯ ಶಾಲಾ ಕಲೋತ್ಸವದ ವೇದಿಕೆಯ ಮೇಲೆ ಆ ಶಾಲೆಯ ಮಕ್ಕಳು ನೃತ್ಯ ಮಾಡಿದರು. 2025ರ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಲ್ಲಿಂದ ಕುಳಿತ ಎಲ್ಲರೂ ತೇರ್ಗಡೆಯಾದರು.

ನಮ್ಮ ಅಂಗಳದಲ್ಲಿ

ಇದು ದೂರದವರ ಚರಿತ್ರೆ ಮಾತ್ರವಲ್ಲ. 2009ರಲ್ಲಿ ಉತ್ತರ ಕರ್ನಾಟಕದ ಮಹಾನೆರೆ, 2018ರಲ್ಲಿ ಕೊಡಗಿನ ಭೂಕುಸಿತ, 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರವಾಹ ನಮ್ಮ ಕಣ್ಣೆದುರೇ ನಡೆದವು. ಇಂಥ ಸಂದರ್ಭದಲ್ಲಿ ಊರಿನ ಶಾಲೆಯೇ ಗಂಜಿ ಕೇಂದ್ರವಾಗುವುದು ನಮ್ಮಲ್ಲಿ ವಾಡಿಕೆ. ಎತ್ತರದಲ್ಲಿ ಗಟ್ಟಿಯಾಗಿ ನಿಂತಿರುವ ಕಟ್ಟಡ ಬಹಳ ಕಡೆ ಅದೊಂದೇ. ಆದರೆ ಸಂತ್ರಸ್ತರು ಶಾಲೆಯಲ್ಲಿ ಇರುವಷ್ಟು ದಿನ ಪಾಠವಿಲ್ಲ. ಅವರನ್ನು ಎಬ್ಬಿಸಿ ಕಳುಹಿಸುವುದೂ ಧರ್ಮವಲ್ಲ. ಈ ಇಕ್ಕಟ್ಟಿನಿಂದ ಪಾರಾಗಲು ಇನ್ನೊಂದು ಸೂರು ಬೇಕು. ನಮ್ಮ ಧರ್ಮಕೇಂದ್ರಗಳ ಸಭಾಭವನಗಳು, ಧರ್ಮೋಪದೇಶದ ಕೊಠಡಿಗಳು ಇಲ್ಲವೇ? ಸಂತ್ರಸ್ತರಿಗೋ ತರಗತಿಗಳಿಗೋ, ಜಾತಿಮತ ಕೇಳದೆ ಅವುಗಳ ಬಾಗಿಲು ತೆರೆಯಬಹುದಲ್ಲವೇ?

ನಮ್ಮ ಕುಟುಂಬಗಳ ಕೈಗೆ ಎಟಕುವ ಕೆಲಸಗಳು ಇನ್ನೂ ಇವೆ. ಮಳೆಗಾಲಕ್ಕೆ ಮುನ್ನ ಮಕ್ಕಳ ಅಂಕಪಟ್ಟಿ, ಜನನ ಪತ್ರಗಳ ಪ್ರತಿಗಳನ್ನು ನೀರು ತಾಗದಂತೆ ಬೇರೆಡೆ ಇಡಿ. ನಿಮ್ಮ ಮಕ್ಕಳ ಶಾಲೆಯ ಗೋಡೆ, ಮಾಡು, ಹಿಂದಿನ ದರೆ ಎಷ್ಟು ಭದ್ರ ಎಂದು ಆಡಳಿತದವರನ್ನು ಕೇಳಲು ಸಂಕೋಚಪಡಬೇಡಿ. ಶಾಲೆ ನಮ್ಮ ಧರ್ಮಪ್ರಾಂತ್ಯದ್ದೇ ಆಗಿದ್ದರೆ ಇನ್ನೂ ಸಂಕೋಚ ಬೇಡ. ನೆರೆಪೀಡಿತ ಊರಿಗೆ ಅಕ್ಕಿಯ ಜೊತೆ ನೋಟುಪುಸ್ತಕವನ್ನೂ ಕಳುಹಿಸಿ. ನಿಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದರೆ, ಕಾಲೇಜು ಓದುವ ಯುವಜನರಿದ್ದರೆ, ವಾರಕ್ಕೆರಡು ಸಂಜೆ ಆ ಮಕ್ಕಳೊಂದಿಗೆ ಕುಳಿತು, ಅವರು ಎಲ್ಲಿ ನಿಂತರೋ ಅಲ್ಲಿಂದ ಪಾಠ ಹೇಳಿಕೊಡಲಿ. ಒಂದು ವಾರವಲ್ಲ, ಒಂದೆರಡು ವರ್ಷ. ಲಾರಿಗಳು ಬರುವುದು ಮೊದಲ ತಿಂಗಳಲ್ಲಿ; ಮಗು ಹಿಂದೆ ಬೀಳುವುದು ಆಮೇಲೆ, ಯಾರೂ ನೋಡದಿರುವಾಗ.

ಬಿದ್ದ ಮನೆ ಎದ್ದಿತೇ ಎಂದು ದಾರಿಹೋಕನೂ ಹೇಳಬಲ್ಲ. ಬಿದ್ದ ಕಲಿಕೆ ಎದ್ದಿತೇ ಎಂದು ತಿಳಿಯಬೇಕಾದರೆ ಮಗುವಿನ ಪಕ್ಕದಲ್ಲಿ ಕುಳಿತು, ಪುಸ್ತಕ ತೆರೆದು, 'ಓದು ನೋಡೋಣ, ಮಗು' ಎನ್ನುವ ಒಬ್ಬರು ಬೇಕು. ಆ ಒಬ್ಬರು ನೀವೂ ಆಗಬಹುದು.