ಆಟದ ಪೆಟ್ಟಿಗೆಯೊಳಗಣ ಕಂಪ್ಯೂಟರು

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ನಮ್ಮ ಒಂಟಿಕೊಪ್ಪಲಿನ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿಯೇ ಬಾನುಲಿ ನಿಲಯವನ್ನು ತೆರೆದ ಸಂಗತಿ ತಮಗೆ ತಿಳಿದದ್ದೇ. ಊರಿಗೆಲ್ಲ ಬೇಕಾದುದು ಮನೆಯೊಳಗಿಂದ ಹೊರಟ ಕಥೆ ಅದು. ಆಟದ ಯಂತ್ರಗಳ ಚರಿತ್ರೆಯಲ್ಲಿಯೂ ಅಂಥದೊಂದು ಪ್ರಸಂಗ ಉಂಟು.

ಕಳೆದ ದಸರಾ ರಜೆಯಲ್ಲಿ ತಂಗಿಯ ಮಗ “ಬನ್ನಿ ಮಾವ” ಎಂದು ನನ್ನನ್ನು ಆಟದ ಯಂತ್ರಗಳ ಮಳಿಗೆಯೊಂದಕ್ಕೆ ಎಳೆದೊಯ್ದ. ಅವನು ಮೆಚ್ಚಿದ ಕಾರು ಪಂದ್ಯದ ಯಂತ್ರ ಕೆಟ್ಟು ನಿಂತಿತ್ತು. ದುರಸ್ತಿಯವನು ಅದರ ಹಿಂಬಾಗಿಲು ತೆರೆದಾಗ ನಾನೂ ಇಣಿಕಿದೆ. ಒಳಗಿದ್ದುದು ನಮ್ಮ ಶಾಲೆಯ ಕಚೇರಿಯಲ್ಲಿರುವಂಥ ಕಂಪ್ಯೂಟರೇ! “ಈಗ ಬಹಳ ಯಂತ್ರಗಳು ಹೀಗೇ ಮೇಷ್ಟ್ರೇ” ಎಂದನಾತ.

ಮೊದಲು ಹೀಗಿರಲಿಲ್ಲ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ಟೊಮೊಹಿರೊ ನಿಶಿಕಾಡೊ ಅವರು ‘ಸ್ಪೇಸ್ ಇನ್ವೇಡರ್ಸ್’ ರಚಿಸಿದಾಗ, ಇಂಟೆಲ್ 8080 ಚಿಪ್ಪಿನ ಸುತ್ತಣ ಯಂತ್ರಭಾಗವನ್ನೂ ತಾವೇ ರೂಪಿಸಬೇಕಾಯಿತು. 1985ರಲ್ಲಿ ‘ಜಾಮ’ ಎಂಬ, 56 ತುದಿಗಳ ಜೋಡಣೆಯ ಕಟ್ಟಳೆ ಅಲ್ಲಿ ಏರ್ಪಟ್ಟಿತು. ಪೆಟ್ಟಿಗೆ ಹಾಗೆಯೇ ಇರಲು, ಒಳಗಣ ಬೋರ್ಡನ್ನು ಬದಲಿಸಿದರೆ ಹೊಸ ಆಟ ಸಿದ್ಧವಾಗುತ್ತಿತ್ತು.

ಆದರೂ ಆ ಬೋರ್ಡುಗಳು ಆಟಕ್ಕೆಂದೇ ಮಾಡಿಸಿದವು. ಈ ನಡುವೆ ಮನೆಯ ಕಂಪ್ಯೂಟರಿಗೆ ಚಿತ್ರ ಮೂಡಿಸುವ ಕಾರ್ಡುಗಳು ಲಕ್ಷಗಟ್ಟಲೆ ಮಾರಿ, ಅಗ್ಗವೂ ಚುರುಕೂ ಆದವು. ಕೆಲವೇ ಪೆಟ್ಟಿಗೆಗಳಿಗಾಗಿ ಪ್ರತ್ಯೇಕ ಚಿಪ್ಪು ಮಾಡಿಸುವುದು ದುಬಾರಿಯೆನಿಸಿತು. 2004ರಲ್ಲಿ ಟೈಟೊ ಕಂಪನಿ ವಿಂಡೋಸ್ ಆಧಾರದ ‘ಟೈಪ್ ಎಕ್ಸ್’ ಅನ್ನು ತಂದಿತು. 2005ರಲ್ಲಿ ಸೆಗಾ ಕಂಪನಿಯ ‘ಲಿಂಡ್‌ಬರ್ಗ್’ ಬಂದಿತು. ಅದರೊಳಗೆ ಪೆಂಟಿಯಂ 4, ಎನ್‌ವಿಡಿಯಾ ಕಾರ್ಡು, ಲಿನಕ್ಸ್. 2008ರಲ್ಲಿ ‘ಟೈಪ್ ಎಕ್ಸ್ 2’ರ ಮೇಲೆ ಓಡಿದ ‘ಸ್ಟ್ರೀಟ್ ಫೈಟರ್ 4’ ಮರುವರ್ಷವೇ ಮನೆಯ ಕಂಪ್ಯೂಟರಿಗೂ ಬಂದಿತು.

ಭಾಗಗಳು ಪೇಟೆಯಲ್ಲಿಯೇ ಸಿಗುವ ಮೇಲೆ ಇಂಥ ಯಂತ್ರಕ್ಕೆ ಸಾವಿಲ್ಲವೆಂದು ತಾವು ಎಣಿಸಬಹುದು. ನಾನೂ ಹಾಗೆಯೇ ಎಣಿಸಿದ್ದೆ. ದುರಸ್ತಿಯವನು ತಲೆಯಾಡಿಸಿದ. ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವುದನ್ನು ಯಾರಾದರೂ ನಕಲು ಮಾಡಿಯಾರೆಂದು ತಯಾರಕರು ಆಟಕ್ಕೆ ಬೀಗ ಹಾಕಿರುತ್ತಾರೆ. ಡಾಂಗಲ್ ಎಂಬ ಬೆರಳುದ್ದದ ಕೀಲಿಯಿಲ್ಲದೆ ಅದು ಏಳದು. ಕೆಟ್ಟಿದ್ದುದು ಆ ಕೀಲಿಯೇ. ಬೇರೆ ಕೀಲಿ ತಯಾರಕರಿಂದಲೇ ಬರಬೇಕು. ಅವರು ಆ ಆಟವನ್ನು ಕೈಬಿಟ್ಟು ವರ್ಷಗಳಾಗಿದ್ದವು. ಹುಡುಗನ ಮುಖ ಬಾಡಿತು.

ನನಗೆ ಓಲೆಗರಿಗಳ ನೆನಪಾಯಿತು. 1905ರಲ್ಲಿ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಓಲೆ ಶಿಥಿಲವಾಗುವ ಮೊದಲು ಯಾರೋ ಪ್ರತಿ ಮಾಡುತ್ತ ಬಂದುದರಿಂದಲ್ಲವೇ ಆ ಗ್ರಂಥ ಉಳಿದದ್ದು? ಮಾಡಿದವರ ಹಕ್ಕನ್ನು ಕಾಯಲು ಬೀಗ ಬೇಕು, ನಿಜ. ಆದರೆ ವ್ಯಾಪಾರ ಮುಗಿದ ಮೇಲೆ ಕೀಲಿಯ ಒಂದು ಪ್ರತಿಯಾದರೂ ಗ್ರಂಥಭಂಡಾರದಂಥ ಜಾಗವೊಂದಕ್ಕೆ ಸೇರಬಾರದೆ?

ಆಟವೆಂದರೆ ಮಕ್ಕಳ ವಿಷಯ, ಅದಕ್ಕೇಕೆ ಚರಿತ್ರೆ ಎಂದು ತಾವು ಕೇಳಬಹುದು. ಚೌಕಾಬಾರದ ಮನೆಗಳನ್ನು ನಮ್ಮ ಹಿರಿಯರು ಕಲ್ಲಿನ ಮೇಲೆ ಕೊರೆದಿಟ್ಟರು; ಇಂದಿಗೂ ಯಾರಾದರೂ ಕುಳಿತು ಆಡಬಹುದು. ಅದಕ್ಕೆ ಕೀಲಿ ಬೇಕಿಲ್ಲ.