ನಿಯಂತ್ರಿತ ಪ್ರಯೋಗ

ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದೆಲ್ಲವನ್ನೂ ಇದ್ದ ಹಾಗೆಯೇ ಇರಿಸಿ, ಆ ಬದಲಾವಣೆಯ ಪರಿಣಾಮವನ್ನು ಪರೀಕ್ಷಿಸುವ ವಿಧಾನ. ವೀಕ್ಷಣೆ, ಪ್ರಾಕ್ಕಲ್ಪನೆ, ಚರ, ದತ್ತಾಂಶ, ತೀರ್ಮಾನ ಎಂದು ವಿಜ್ಞಾನ ಪಾಠಗಳಲ್ಲಿ ಬರುವ ಪದಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆಂಬ ಸ್ವಯಂಜನನವಾದ ಅರಿಸ್ಟಾಟಲನ ಕಾಲದಿಂದಲೂ ಬೇರೂರಿತ್ತು. ಫ್ಲಾರೆನ್ಸಿನ ಮೆಡಿಚಿ ಆಸ್ಥಾನದ ವೈದ್ಯನಾಗಿದ್ದ ರೆಡಿ ಮೊದಲು ಮಾಡಿದ್ದು ವೀಕ್ಷಣೆ. ಸತ್ತ ಹಾವುಗಳನ್ನು ತೆರೆದ ಪೆಟ್ಟಿಗೆಯಲ್ಲಿಟ್ಟಾಗ ಅವುಗಳಿಗೆ ಹುಳು ಬಿತ್ತು. ಹುಳುಗಳನ್ನು ಹಿಡಿದು ಕಾದು ನೋಡಿದರೆ ಅವು ಕೋಶಗಳಾಗಿ, ಕೋಶಗಳಿಂದ ನೊಣಗಳು ಹೊರಬಂದವು. ಮಾಂಸಕ್ಕೆ ಮುತ್ತುತ್ತಿದ್ದವೂ ನೊಣಗಳೇ. ಹಾಗಾದರೆ ಹುಳುಗಳು ನೊಣಗಳ ಸಂತತಿಯೇ ಇರಬೇಕು ಎಂದು ಅವನು ಊಹಿಸಿದ. ಕಂಡದ್ದಕ್ಕೆ ಕೊಡುವ, ಇನ್ನೂ ಪರೀಕ್ಷೆಗೆ ಒಳಪಡಬೇಕಾದ ಇಂಥ ವಿವರಣೆಯೇ ಪ್ರಾಕ್ಕಲ್ಪನೆ. ಅದು ತಪ್ಪಾಗಿದ್ದರೆ ತಪ್ಪೆಂದು ತೋರಿಸಲು ದಾರಿ ಇರಲೇಬೇಕು. ಇಲ್ಲದಿದ್ದರೆ ಅದು ಬರಿಯ ಅಭಿಪ್ರಾಯ. ನೊಣ ತಾಗದ ಮಾಂಸದಲ್ಲೂ ಹುಳು ಕಂಡಿದ್ದರೆ ರೆಡಿಯ ಮಾತು ಬಿದ್ದುಹೋಗುತ್ತಿತ್ತು.

ಅಗಲ ಬಾಯಿಯ ನಾಲ್ಕು ಸೀಸೆಗಳಲ್ಲಿ ಅವನು ಹಾವು, ಮೀನು, ಆರ್ನೊ ನದಿಯ ಹಾವುಮೀನು, ಎಳೆಗರುವಿನ ಮಾಂಸ ಇವನ್ನು ಹಾಕಿ, ಬಾಯಿಗೆ ಕಾಗದ ಬಿಗಿದು ದಾರ ಕಟ್ಟಿದ. ಇನ್ನು ನಾಲ್ಕರಲ್ಲಿ ಅವನ್ನೇ ಹಾಕಿ ತೆರೆದಿಟ್ಟ. ಸೀಸೆ ಮುಚ್ಚಿದೆಯೋ ತೆರೆದಿದೆಯೋ ಎಂಬುದು ಪ್ರಯೋಗ ಮಾಡುವವನೇ ಬದಲಿಸಿದ ಅಂಶ, ಅಂದರೆ ಸ್ವತಂತ್ರ ಚರ. ಹುಳು ಬಿತ್ತೋ ಇಲ್ಲವೋ ಎಂಬುದು ಅವಲಂಬಿತ ಚರ. ಎರಡೂ ಕಡೆ ಒಂದೇ ರೀತಿ ಇಟ್ಟ ಮಾಂಸದ ಬಗೆ, ಋತು ಮುಂತಾದವು ನಿಯಂತ್ರಿತ ಚರಗಳು. ತೆರೆದ ಸೀಸೆಗಳು ಹೋಲಿಸಿ ನೋಡಲು ಬೇಕಾದ ನಿಯಂತ್ರಣ. ಪ್ರಯೋಗದ ಜೀವ ಇರುವುದು ಇಲ್ಲಿಯೇ. ಅವಿಲ್ಲದಿದ್ದರೆ, ಮುಚ್ಚಿದ ಸೀಸೆಯ ಮಾಂಸಕ್ಕೆ ಆ ದಿನಗಳಲ್ಲಿ ಹೇಗೂ ಹುಳು ಬೀಳುತ್ತಿರಲಿಲ್ಲ ಎಂದು ಯಾರಾದರೂ ವಾದಿಸಬಹುದಿತ್ತು.

ತೆರೆದ ಸೀಸೆಗಳಲ್ಲಿ ನೊಣಗಳು ಓಡಾಡಿದವು, ಹುಳು ತುಂಬಿತು. ಮುಚ್ಚಿದವುಗಳ ಮಾಂಸ ಕೊಳೆತು ನಾರಿತೇ ಹೊರತು ಒಂದು ಹುಳುವೂ ಕಾಣಲಿಲ್ಲ. ಹೀಗೆ ದಾಖಲಿಸಿಕೊಂಡ ವಿವರಗಳೇ ದತ್ತಾಂಶ.

ಆದರೂ ಒಂದು ಸಂದೇಹ ಉಳಿಯಿತು. ಕಾಗದ ನೊಣವನ್ನಷ್ಟೇ ಅಲ್ಲ, ಗಾಳಿಯನ್ನೂ ತಡೆದಿತ್ತು. ಒಂದರ ಬದಲು ಎರಡು ಅಂಶಗಳು ಬದಲಾಗಿದ್ದವು. ರೆಡಿ ಕಾಗದದ ಜಾಗಕ್ಕೆ ನೇಪಲ್ಸಿನ ನವಿರಾದ ಜಾಲರಿ ಬಟ್ಟೆ ತಂದ. ಗಾಳಿ ಆಡಿತು, ನೊಣ ಹೊರಗುಳಿಯಿತು, ಮಾಂಸಕ್ಕೆ ಹುಳು ಬೀಳಲಿಲ್ಲ. ಮೊದಲ ಪ್ರಯೋಗಕ್ಕಿಂತ ಈ ತಿದ್ದುಪಡಿಯೇ ಹೆಚ್ಚು ಕಲಿಸುತ್ತದೆ.

ತೀರ್ಮಾನ ದತ್ತಾಂಶದ ಎಲ್ಲೆ ದಾಟಬಾರದು. ಮಾಂಸದ ಹುಳುಗಳ ಬಗ್ಗೆ ಸರಿಯಾಗಿ ಹೇಳಿದ ರೆಡಿ, ಮರಗಳ ಗಂಟುಗಳಲ್ಲಿ ಸಿಗುವ ಹುಳುಗಳನ್ನು ಮರವೇ ಹುಟ್ಟಿಸುತ್ತದೆಂದು ನಂಬಿದ್ದ. ಅವೂ ಮೊಟ್ಟೆಯಿಂದಲೇ ಬರುತ್ತವೆಂದು ಇಟಲಿಯದೇ ವಿಜ್ಞಾನಿ ಮಾಲ್ಪಿಗಿ 1679ರಲ್ಲಿ ತೋರಿಸಿದ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಚರ್ಚೆ ಲೂಯಿ ಪಾಶ್ಚರನವರೆಗೂ ನಡೆಯಿತು. 1860ರ ಸುಮಾರಿಗೆ ಅವನು ಹಂಸದ ಕೊರಳಿನಂತೆ ಬಾಗಿದ ಫ್ಲಾಸ್ಕುಗಳಲ್ಲಿ ದ್ರವ ಕುದಿಸಿಟ್ಟ. ಗಾಳಿ ಒಳಬಂದರೂ ಧೂಳು ಬಾಗಿನಲ್ಲೇ ನಿಂತು ದ್ರವ ಕೆಡದೆ ಉಳಿಯಿತು. ಕೊರಳು ಮುರಿದ ಫ್ಲಾಸ್ಕುಗಳಲ್ಲಿ ಮಾತ್ರ ಸೂಕ್ಷ್ಮಜೀವಿಗಳು ಬೆಳೆದವು.