ಸೋಲಿಸಿದವರ ಕಾರ್ಬೊರೇಟರ್

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅದರ ಕಥೆಯನ್ನು ನಾವು ಸಾಮಾನ್ಯವಾಗಿ ಅಲ್ಲಿಗೇ ಮುಗಿಸುತ್ತೇವೆ. ಮಹಾರಾಜರು ಉದ್ಘಾಟಿಸಿದರು, ಬೈಕು ದೇಶವೆಲ್ಲ ಓಡಿತು, ಜಪಾನಿನ ಬೈಕುಗಳು ಬಂದವು, ಕಾರ್ಖಾನೆ ಮುಚ್ಚಿತು. ಆದರೆ ಬೈಕುಗಳು ಮುಚ್ಚಲಿಲ್ಲವಲ್ಲ! ಕೊಚ್ಚಿಯ ಕಾಕ್ಕನಾಡಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ಈಗಲೂ ಒಂದು ಯೆಜ್ಡಿ ನಿಂತಿದೆ, ಕಿಕ್ ಹೊಡೆದರೆ ಶುರುವಾಗುತ್ತದೆ. ಕಾರ್ಖಾನೆ ಇಲ್ಲದ ಗಾಡಿಯನ್ನು ಇಷ್ಟು ವರ್ಷ ಯಾರು, ಹೇಗೆ ಓಡಿಸಿಕೊಂಡು ಬಂದರು ಎನ್ನುವುದೂ ಆ ಚರಿತ್ರೆಯ ಒಂದು ಅಧ್ಯಾಯವೇ. ಅದು ನನ್ನ ಕಣ್ಣಿಗೆ ಬಿದ್ದದ್ದು ಆ ಗಾಡಿಯ ಕಾರ್ಬೊರೇಟರ್ ಬದಲಾಯಿಸುವಾಗ.

ಮೊದಲು ಹಿನ್ನೆಲೆ. ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಬೈಕು. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಬೈಕಿನ ವಿನ್ಯಾಸ ಕೊಂಡು ತಯಾರಿಕೆ ಶುರುಮಾಡಿದ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. 1950ರ ದಶಕದಲ್ಲಿ ಇದು ಭಾರತಕ್ಕೆ ಆಮದಾಗುತ್ತಿತ್ತು. ಆಮದಿಗೆ ಕಡಿವಾಣ ಬಿದ್ದಾಗ ರುಸ್ತುಂ ಇರಾನಿ, ಫಾರೂಕ್ ಇರಾನಿ ಮೈಸೂರಿನಲ್ಲೇ ತಯಾರಿಸಲು ಲೈಸೆನ್ಸ್ ಪಡೆದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. ಅವರು ಆಗ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದರು. ಮರುವರ್ಷವೇ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಎಸ್‌ಎಚ್‌ಎಲ್ ಬೈಕನ್ನು ‘ರಾಜದೂತ್’ ಎಂದು ಇಲ್ಲಿ ತಯಾರಿಸತೊಡಗಿತು. ಡಾಲರು, ಪೌಂಡು ಕೈಯಲ್ಲಿಲ್ಲದ ಕಾಲ. ರೂಪಾಯಿಯಲ್ಲೇ ವ್ಯಾಪಾರ ಮಾಡಲು ಒಪ್ಪುವ ಪೂರ್ವ ಯುರೋಪಿನ ದೇಶಗಳ ಟೂ ಸ್ಟ್ರೋಕ್ ಎಂಜಿನ್‌ಗಳು ನಮ್ಮ ರಸ್ತೆಗೆ ಬಂದದ್ದು ಬರೀ ಆಕಸ್ಮಿಕವಲ್ಲ.

1973ರಿಂದ ಮೈಸೂರಿನ ಬೈಕಿಗೆ ‘ಯೆಜ್ಡಿ’ ಎಂಬ ಹೆಸರು. ಇರಾನಿನ ಯಜ್ದ್ ಊರಿನಿಂದ ಬಂದದ್ದು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿಯ ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ಕಿಕ್ ಹೊಡೆಯಲೂ ಗೇರ್ ಹಾಕಲೂ ಒಂದೇ ಲಿವರ್. ಹಳ್ಳಿಯ ಮಣ್ಣುದಾರಿಗೂ ತೋಟದ ಏರಿಗೂ ಇದು ಹೇಳಿಮಾಡಿಸಿದ ಗಾಡಿ. ನನ್ನ ಚಿಕ್ಕಪ್ಪ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದಾಗ ಜೀಪು ಹತ್ತದ ಕಡೆಗೂ ರೋಡ್‌ಕಿಂಗ್ ಹತ್ತಿಸುತ್ತಿದ್ದರು. ಅದೇ ಗಾಡಿ ಈಗ ನನ್ನ ಹತ್ತಿರ ಇರುವುದು.

ಇನ್ನು 1980ರ ದಶಕ. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಾಹಾ ಆರ್‌ಎಕ್ಸ್ 100, ಆಮೇಲೆ ಕವಾಸಾಕಿ ಬಜಾಜ್. ಎರಡು ಮೂರು ವರ್ಷದಲ್ಲಿ ಜಪಾನಿನ ನಾಲ್ಕೂ ಕಂಪನಿಗಳು ನಮ್ಮವರ ಜೊತೆಗೂಡಿ 100 ಸಿಸಿ ಬೈಕು ತಂದವು. ಮೈಲೇಜಿನಲ್ಲಿ ಯೆಜ್ಡಿ ಹೋಂಡಾದ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ. ಜೊತೆಗೆ ಕಾರ್ಮಿಕ ಬಿಕ್ಕಟ್ಟು, ಬಿಗಿಯಾಗುತ್ತ ಹೋದ ಹೊಗೆಯ ನಿಯಮ. ಕಾರ್ಖಾನೆ ಮುಚ್ಚಿದಾಗ ನಾನಿನ್ನೂ ವಿದ್ಯಾರ್ಥಿ. ತಿರುವನಂತಪುರದಲ್ಲಿ ಟೆಕ್ನೋಪಾರ್ಕ್ ಶುರುವಾಗಿದ್ದು 1990ರಲ್ಲಿ. ಯಾದವಗಿರಿಗೆ ಹೋಗಬಹುದಾಗಿದ್ದ ನನ್ನಂಥ ಎಷ್ಟೋ ಜನ ಇಂಜಿನಿಯರುಗಳು ಹೊರಟದ್ದು ಅಂಥ ಕಡೆಗೇ. ನಾನೂ ಮೊದಲು ಟೆಕ್ನೋಪಾರ್ಕಿಗೆ ಬಂದವನು, ಆಮೇಲೆ ಕೊಚ್ಚಿಯ ಇನ್ಫೋಪಾರ್ಕಿಗೆ.

ಜಪಾನಿನ ಬೈಕುಗಳ ಬೆನ್ನಿಗೇ ಬಿಡಿಭಾಗದ ಕಂಪನಿಗಳೂ ಬಂದವು. 1985ರಲ್ಲಿ ಮದ್ರಾಸಿನಲ್ಲಿ ಯುಕಾಲ್ ಎಂಬ ಕಂಪನಿ ಹುಟ್ಟಿತು. ಜಪಾನಿನ ಮಿಕುನಿ ಜೊತೆಗೂಡಿ ಅದು ತಯಾರಿಸಿದ ಕಾರ್ಬೊರೇಟರೇ ‘ಮಿಕಾರ್ಬ್’. ಯೆಜ್ಡಿಗೆ ಇದ್ದದ್ದು ಜೆಕ್ ವಿನ್ಯಾಸದ ‘ಯಿಕೊವ್’, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಜಿಕಾವ್’. ದಶಕಗಟ್ಟಲೆ ಓಡಿದ ಮೇಲೆ ಅದರೊಳಗೆ ಮೇಲೆ ಕೆಳಗೆ ಆಡುವ ಸ್ಲೈಡೂ ಅದು ಆಡುವ ಕೊರಳೂ ಸವೆಯುತ್ತವೆ. ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಆಮೇಲೆ ಎಷ್ಟು ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ಆಗ ಗ್ಯಾರೇಜುಗಳು ಕೈ ಹಾಕುವುದು ಮಿಕಾರ್ಬ್‌ಗೆ. ಅಂದರೆ, ಯಾವ ಅಲೆ ಮೈಸೂರಿನ ಕಾರ್ಖಾನೆಯನ್ನು ಮುಳುಗಿಸಿತೋ ಅದೇ ಅಲೆಯಲ್ಲಿ ಬಂದ ಭಾಗ ಇವತ್ತು ಮೈಸೂರಿನ ಬೈಕನ್ನು ಉಳಿಸುತ್ತಿದೆ.

ಆದರೆ ಅದು ತನ್ನಷ್ಟಕ್ಕೆ ಕೂರುವುದಿಲ್ಲ. ನನ್ನ ಗಾಡಿಗೆ ಅದನ್ನು ಕೂರಿಸಿದವರು ಎರ್ನಾಕುಲಂನ ಎಪ್ಪತ್ತು ದಾಟಿದ ಮೆಕ್ಯಾನಿಕ್, ಎಲ್ಲರಿಗೂ ‘ಆಶಾನ್’. “ಬುಲೆಟ್ಟಿನದು ತರಬೇಡಿ ಸಾರ್, ಅದು ಫೋರ್ ಸ್ಟ್ರೋಕಿಗೆ ಮಾಡಿದ್ದು. ಒಳಗಿನ ನೀಡಲ್ ಜೆಟ್ಟಿನ ಜಾತಿಯೇ ಬೇರೆ. ಆರ್‌ಎಕ್ಸ್ ನೂರರದೂ ಬೇಡ, ಅದರ ಗಂಟಲು ಚಿಕ್ಕದು,” ಎಂದರು. ಟೂ ಸ್ಟ್ರೋಕಿನದೇ, ಆದರೆ ದೊಡ್ಡ ಕೊರಳಿನದನ್ನು ಹುಡುಕಿಸಿದರು. ಕೂಡದ ಅಳತೆಗೆ ಲೇತ್‌ನಲ್ಲಿ ಅಲ್ಯೂಮಿನಿಯಂ ಅಡಾಪ್ಟರ್ ಕಡೆಸಿದರು.

ಟೂ ಸ್ಟ್ರೋಕಿನಲ್ಲಿ ಇಷ್ಟು ಎಚ್ಚರ ಯಾಕೆ? ಅದರಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಹೋಗುತ್ತದೆ, ಲೀಟರಿಗೆ ಸುಮಾರು 30ರಿಂದ 40 ಮಿಲಿ. ಪೆಟ್ರೋಲು ಕಡಿಮೆ ಹೋದರೆ ಎಣ್ಣೆಯೂ ಕಡಿಮೆ. ಮಿಶ್ರಣ ತೆಳುವಾದರೆ ಶಾಖ ಏರುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಆಶಾನ್ ಮೊದಲು ದೊಡ್ಡ ಮೇನ್ ಜೆಟ್ ಹಾಕಿ, ಒಂದೊಂದೇ ನಂಬರ್ ಇಳಿಸುತ್ತ ಬಂದರು. ಆಕ್ಸಿಲರೇಟರ್ ಹಿಡಿಕೆಗೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿದರು. ಐಡ್ಲಿಂಗಿಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಕಾಲಿನಿಂದ ಮುಕ್ಕಾಲಿಗೆ ನೀಡಲಿನ ಕ್ಲಿಪ್, ಅದಕ್ಕೂ ಮೇಲೆ ಮೇನ್ ಜೆಟ್. ಪೂರ್ತಿ ಹಿಡಿಕೆಯಲ್ಲಿ ಓಡಿಸಿ, ಕ್ಲಚ್ ಹಿಡಿದು, ಎಂಜಿನ್ ಆರಿಸಿ ಪ್ಲಗ್ ಬಿಚ್ಚಿ ನೋಡುವುದು. ಬೆಳ್ಳಗಿದ್ದರೆ ಅಪಾಯ, ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲು ಹೆಚ್ಚು, ಬಿಸ್ಕತ್ತಿನ ಬಣ್ಣ ಬಂದರೆ ಸರಿ. ಅವರಂತೂ ಪ್ಲಗ್ ಬಿಚ್ಚುವ ಮೊದಲೇ ಶಬ್ದ ಕೇಳಿ ಬಣ್ಣ ಹೇಳುತ್ತಿದ್ದರು.

ಇದರಲ್ಲಿ ಊರಿನ ಪಾತ್ರವೂ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಅಲ್ಲಿಯ ಗಾಳಿಯ ಒತ್ತಡ ಕೊಚ್ಚಿಗಿಂತ ಹೆಚ್ಚುಕಡಿಮೆ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಮೈಸೂರಿನಲ್ಲಿ ಸರಿಹೊಂದಿಸಿದ ಕಾರ್ಬೊರೇಟರ್ ಕೊಚ್ಚಿಯ ದಟ್ಟ ಗಾಳಿಯಲ್ಲಿ ತೆಳು ಮಿಶ್ರಣ ಕೊಡುತ್ತದೆ. ಕೊಚ್ಚಿಯಲ್ಲಿ ಸರಿಹೊಂದಿಸಿದ್ದನ್ನು ನಾನು ತಿರುವನಂತಪುರದಿಂದ ಪೊನ್ಮುಡಿಗೆ ಒಯ್ದೆ. 22 ಹೇರ್‌ಪಿನ್ ತಿರುವು ಹತ್ತಿ 1,100 ಮೀಟರ್ ಆಸುಪಾಸಿಗೆ ಬಂದಾಗ ಪ್ಲಗ್ ಕಪ್ಪಾಗಿತ್ತು, ಎಂಜಿನ್ ಗೊರಗೊರ ಅನ್ನುತ್ತಿತ್ತು. ನೀಡಲಿನ ಕ್ಲಿಪ್ಪನ್ನು ಒಂದು ಗಾಡಿ ಮೇಲೆ ಸರಿಸಿದೆ, ಅಂದರೆ ಸೂಜಿ ಒಂದಿಷ್ಟು ಕೆಳಗಿಳಿಯಿತು, ಗಂಟಲು ತಿಳಿಯಾಯಿತು.

ಗಾಳಿಯ ಜೊತೆ ಪೆಟ್ರೋಲೂ ಬದಲಾಗಿದೆ. ಶೇ. 20 ಎಥನಾಲ್ ಬೆರೆತ ಇ20 ಇಂಧನ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿಗೆ ಮಿಶ್ರಣ ಮತ್ತಷ್ಟು ತೆಳು. ಹಳೆಯ ರಬ್ಬರು, ಗ್ಯಾಸ್ಕೆಟ್ಟು ಉಬ್ಬುತ್ತವೆ. ಮಳೆಗಾಲದಲ್ಲಿ ನಿಂತ ಗಾಡಿಯಲ್ಲಿ ಅದು ನೀರನ್ನೂ ಹೀರುತ್ತದೆ. ಯೆಜ್ಡಿಯ ಹಳೆಯ ಕೈಪಿಡಿ ಇದ್ದರೂ ಅದರ ಜೆಟ್ ನಂಬರು ಇವತ್ತಿನ ಪೆಟ್ರೋಲಿಗೆ ಉತ್ತರವಲ್ಲ.

ಹೊಸ ಉತ್ತರ ಇರುವುದು ಆಶಾನ್‌ರಂಥವರ ಕಿವಿಯಲ್ಲಿ, ಬೆರಳಿನಲ್ಲಿ. ಅವರ ಇಬ್ಬರು ಮಕ್ಕಳೂ ಕೊಲ್ಲಿಯಲ್ಲಿದ್ದಾರೆ. ಗ್ಯಾರೇಜಿನಲ್ಲಿ ಕಲಿಯುವ ಹುಡುಗರಿಲ್ಲ. ಕಾರ್ಖಾನೆಯ ಚರಿತ್ರೆ ಬರೆಯುವವರಿಗೆ ಉದ್ಘಾಟನೆಯ ಫೋಟೋ ಸಿಗುತ್ತದೆ, ಜಾಹೀರಾತು ಸಿಗುತ್ತದೆ, ಕೋರ್ಟಿನ ಕಾಗದ ಸಿಗುತ್ತದೆ. 1996ರ ಮುಂದಿನ ಚರಿತ್ರೆಗೆ ದಾಖಲೆಯೇ ಇಲ್ಲ. ಹಾಗಾಗಿ ಅವರು ಹಾಕಿದ ಮೇನ್ ಜೆಟ್, ಪೈಲಟ್ ಜೆಟ್, ಕ್ಲಿಪ್ಪಿನ ಸ್ಥಾನ, ಏರ್ ಸ್ಕ್ರೂವಿನ ಸುತ್ತು, ಅಡಾಪ್ಟರಿನ ಅಳತೆ ಎಲ್ಲವನ್ನೂ ದಿನಾಂಕ, ಊರು, ಪೆಟ್ರೋಲಿನ ಬಗೆಯ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಊರಿನ ಮನೆಯ ಹಿತ್ತಲಲ್ಲೋ ಕೊಟ್ಟಿಗೆಯಲ್ಲೋ ಒಂದು ಜಾವಾ ನಿಂತಿದ್ದರೆ, ಅದನ್ನು ಗುಜರಿಗೆ ಹಾಕುವ ಮೊದಲು ಅದನ್ನು ರಿಪೇರಿ ಮಾಡುತ್ತಿದ್ದವರನ್ನು ಹುಡುಕಿ. ಅವರು ಸಿಕ್ಕರೆ ಪಕ್ಕದಲ್ಲಿ ಕೂತು ಬರೆದುಕೊಳ್ಳಿ.